ಯಾವ ಬಗೆಯ ಸಾವು

"ಇದು ಯಾವ ಬಗೆ ಅಂತೀರಿ? ನನಗೇನೋ ಮೂರನೇದು ಅನ್ಸುತ್ತೆ," ಎಂದರು ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರು. ತಲೆ ಬಗ್ಗಿಸಿ, ಮೆಲ್ಲಗೆ, ಸಂತಾಪದ ದನಿಯಲ್ಲೇ.

ಅಕ್ಕನ ಮೈಯೆಲ್ಲ ಉರಿದುಹೋಯಿತು. ತಮ್ಮ ತನ್ನ ಜೀವ ತಾನೇ ತೆಗೆದುಕೊಂಡು ವಾರವೂ ತುಂಬಿರಲಿಲ್ಲ. ಅವನ ಅಂಗಿಗಳು ಇನ್ನೂ ತಂತಿಯ ಮೇಲೇ ಇದ್ದವು. ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಈ ಮನುಷ್ಯನೋ, ತಮ್ಮ ಶಾಸ್ತ್ರದ ಪಿತಾಮಹರಲ್ಲೊಬ್ಬನಾದ ಡರ್ಖೀಮ್ ಆತ್ಮಹತ್ಯೆಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದನಲ್ಲ, ಅದರಲ್ಲಿ ಯಾವುದಕ್ಕೆ ಅವನನ್ನು ತುರುಕಲಿ ಎಂದು ನೋಡುತ್ತಿದ್ದಾರೆ! ಅವಳೂ ಅದೇ ಕಾಲೇಜಿನಲ್ಲಿ ಅದೇ ಪಾಠ ಮಾಡುವವಳು. ತರಗತಿ ಬೇರೆ, ಸಾವಿನ ಮನೆ ಬೇರೆ ಎಂಬಷ್ಟು ಬುದ್ಧಿಯಾದರೂ ಬೇಡವೇ?

"ಸರ್, ಡರ್ಖೀಮ್ ಮಗ ಯುದ್ಧದಲ್ಲಿ ಸತ್ತಾಗ, ಆತ ಆ ಹುಡುಗನ ವಿಷಯ ತನ್ನೆದುರು ಎತ್ತೋಕೂ ಬಿಡ್ತಿರಲಿಲ್ಲವಂತೆ. ಆಮೇಲೆ ಆತನೂ ಹೆಚ್ಚು ಕಾಲ ಬದುಕಲಿಲ್ಲ. ಇಷ್ಟು ವರ್ಷ ಓದಿದ್ದೀರಿ, ಅಷ್ಟೂ ತಲೆಗೆ ಹೋಗಲಿಲ್ವಾ?"

"ಛೆ ಛೆ, ನಾನು ಹಾಗಲ್ಲ..." ಎನ್ನುತ್ತಾ ಅವರು ಟೀ ಲೋಟಕ್ಕೆ ಮುಖ ಹಾಕಿದರು.

ಅಷ್ಟರಲ್ಲಿ ತಮ್ಮ ಕೆಲಸ ಮಾಡುತ್ತಿದ್ದ ಪಾರ್ಸೆಲ್ ಗೋದಾಮಿನ ಮ್ಯಾನೇಜರ್ ಬಂದ. ಅಮ್ಮನಿಗೆ ಕೈಮುಗಿದ. ಬೆಣ್ಣೆಯಂಥ ಮಾತು.

"ಒಳ್ಳೇ ಹುಡುಗ ಮೇಡಂ. ಮನಸ್ಸೇ ಸ್ವಲ್ಪ ಮೆದು. ನಾಳೆ ಪೊಲೀಸರು ಕೇಳಿದ್ರೆ ಮನೇಲೇನೋ ಬೇಸರ ಇತ್ತು ಅಂದ್ಬಿಡಿ. ಸುಮ್ನೆ ಯಾಕೆ ರಾಡಿ?"

"ಮನೇಲಿ ಏನ್ರೀ ಬೇಸರ?" ಅಕ್ಕ ನಡುವೆ ಬಾಯಿ ಹಾಕಿದಳು. "ರಾತ್ರಿ ಪಾಳಿ ಮುಗಿಸಿ ಬಂದವನನ್ನ ಬೆಳಗ್ಗೆ ಮತ್ತೆ ಕರೀತಿದ್ರಿ. ಉಚ್ಚೆಗೆ ಹೋದ್ರೂ ಮೈಕಿನಲ್ಲಿ ಹೆಸರು ಕೂಗಿಸ್ತಿದ್ರಿ. ಇವನಿಗಿಂತ ಮುಂಚೆ ಇದೇ ವರ್ಷ ನಿಮ್ಮ ಗೋದಾಮಿನವರು ಇನ್ನಿಬ್ಬರು ಹೀಗೇ ಹೋದ್ರು. ಮೂವರದ್ದೂ ಮೆದು ಮನಸ್ಸಾ?"

"ಅವರವರ ಹಣೆಬರಹ ಮೇಡಂ."

ಅವಳು ಮುಖ್ಯಸ್ಥರ ಕಡೆ ತಿರುಗಿದಳು. "ಈಗ ಹೇಳಿ ಸರ್. ಒಂದೇ ಕಡೆ ಸಾವಿನ ಮೇಲೆ ಸಾವು ಬಿದ್ರೆ ಸತ್ತವರ ಮನಸ್ಸನ್ನಲ್ಲ, ಅವರು ಬದುಕಿದ್ದ ಜಾಗಾನ ನೋಡಬೇಕು ಅಂತ ವರ್ಷಾ ವರ್ಷಾ ಗಂಟಲು ಹರ್ಕೊಳ್ತೀರಲ್ಲ. ಇವರಿಗೂ ಸ್ವಲ್ಪ ಹೇಳಿ."

ಮುಖ್ಯಸ್ಥರು ಮ್ಯಾನೇಜರನ ಮುಖ ನೋಡಿದರು, ಬಾಗಿಲು ನೋಡಿದರು. "ಇದು... ಅದಕ್ಕೆಲ್ಲ ಸಮಯ ಅಲ್ಲಮ್ಮ."

ಥೂ ಎನ್ನಿಸಿತು ಅವಳಿಗೆ. ಸತ್ತವನನ್ನು ಅಳೆಯುವುದಕ್ಕೆ ಮಾತ್ರ ಸಮಯವಿತ್ತು.

ಗೋಡೆಗೊರಗಿ ಕೂತಿದ್ದ ಅಮ್ಮ ತಲೆಯೆತ್ತಿದಳು. ಮ್ಯಾನೇಜರನನ್ನೇ ದಿಟ್ಟಿಸಿ ಕೇಳಿದಳು:

"ಆ ಇನ್ನಿಬ್ಬರ ತಾಯಂದಿರು ಎಲ್ಲಿರ್ತಾರಪ್ಪ?"

"ಅದೆಲ್ಲ ನಿಮಗ್ಯಾಕಮ್ಮ..."

ಅಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ಹೊಸ್ತಿಲ ಬಳಿ ಹೋಗಿ, ಚಪ್ಪಲಿಗೆ ಕಾಲು ತೂರಿಸಿ, ಮಗಳು ಬರಲೆಂದು ನಿಂತಳು.