ಯಾರಿಂದ ಯಾರಿಗೆ

ಮೇಲಿನ ಗುಂಡಿ ಹಾಕಿದ ಮೇಲೂ ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಜಾಗ ಉಳಿಯಿತು. ಅವಳು ಬಿಚ್ಚಿ ಮತ್ತೆ ಹಾಕಿದಳು. ಗಂಡನ ಕುತ್ತಿಗೆ ಏಳು ತಿಂಗಳ ಕಾಯಿಲೆಯಲ್ಲಿ ಅಷ್ಟು ಸವೆದಿತ್ತು.

“ಸಾಕು ಬಿಡೇ, ಚೆನ್ನಾಗೇ ಇದೆ,” ಎಂದರು ಅತ್ತಿಗೆ. ತೀರಿಕೊಂಡವನ ಅಕ್ಕ, ಬೆಳಗಿನಿಂದ ಇವಳ ಮಗ್ಗುಲು ಬಿಟ್ಟಿರಲಿಲ್ಲ.

ಹೊರಗೆ ಮೆಟ್ಟಿಲ ತಿರುವಿನಲ್ಲಿ ಗಂಡನ ಗಾಜಿನಂಗಡಿಯ ಪಾಲುದಾರ ಟೇಪು ಹಿಡಿದು ಅಳೆಯುತ್ತಿದ್ದ. ಸ್ಟ್ರೆಚರ್ ತಿರುಗುತ್ತದೋ ಇಲ್ಲವೋ ನೋಡಬೇಕಿತ್ತು. ಇಪ್ಪತ್ತಾರು ವರ್ಷ ಇಬ್ಬರೂ ಕಿಟಕಿಗೆ, ಕನ್ನಡಿಗೆ ಗಾಜು ಕತ್ತರಿಸಿದ್ದರು. ಎಲ್ಲವನ್ನೂ ಎರಡೆರಡು ಸಲ ಅಳೆಯುವ ಗೆಳೆಯನಿಗೆ ‘ಅಳತೆ’ ಎಂದು ಹೆಸರಿಟ್ಟವನೇ ಇವನು.

“ಹೋಗುತ್ತೆ,” ಎಂದ. ಟೇಪನ್ನು ಮತ್ತೆ ಎಳೆದ. “ಅಳತೆ ಇದ್ದಿದ್ರೆ ಇನ್ನೊಂದ್ಸಲ ನೋಡು ಅಂತಿದ್ದ.”

“ಬೀಡಿ ಇಲ್ಲ, ಕುಡಿತ ಇಲ್ಲ. ಇವನ ಅನ್ನನಾಳಕ್ಕೆ ಎಲ್ಲಿಂದ ಬಂತೋ ಕ್ಯಾನ್ಸರ್ರು,” ಎಂದರು ಅತ್ತಿಗೆ.

“ಗಾಜಿನ ಪುಡಿ ಕಣಕ್ಕಾ. ದಿನಾ ನುಂಗ್ತೀವಲ್ಲ.”

“ನೀನೂ ನುಂಗಿದೀಯಲ್ಲ. ಗುಂಡುಕಲ್ಲಿನ ಹಾಗಿದೀಯ.”

ಪಾಲುದಾರ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ಅವಳು ತೋಳಿನ ಗುಂಡಿ ಹಾಕತೊಡಗಿದಳು.

*

ಕಾಯಿಲೆ ಗೊತ್ತಾದ ಹೊಸತರಲ್ಲಿ, ಗಂಡ ತೂಕ ನೋಡಿಸಲು ಪಕ್ಕದ ಕೋಣೆಗೆ ಹೋಗಿದ್ದಾಗ ಅವಳೇ ಡಾಕ್ಟರನ್ನು ಕೇಳಿದ್ದಳು. ಏನೂ ಚಟವಿಲ್ಲದವರಿಗೂ ಇದು ಬರುವುದುಂಟು, ಒಂದು ವೈರಸ್ಸಿನ ಮೇಲೂ ಸಂಶಯವಿದೆ ಎಂದು ಅವರು ಆಗಷ್ಟೇ ಹೇಳಿದ್ದರು. ಎಚ್‌ಪಿವಿ. ಆ ಹೆಸರು ಅವಳಿಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಅವಳ ಗರ್ಭಕೋಶದ ಬಾಯಲ್ಲಿ ಹುಣ್ಣಿನಂಥದ್ದನ್ನು ಸುಟ್ಟು ತೆಗೆದಾಗ, ಚೀಟಿಯಲ್ಲಿ ಅದನ್ನೇ ಬರೆದಿದ್ದರು.

“ನನ್ನಿಂದ ಇವರಿಗೆ ಹೋಯ್ತಾ ಡಾಕ್ಟ್ರೇ?”

“ಹೇಳಕ್ಕಾಗಲ್ಲಮ್ಮ. ಎಷ್ಟೋ ಜನಕ್ಕೆ ಬಂದು ತಾನಾಗೇ ಹೋಗುತ್ತೆ. ಅನ್ನನಾಳದ ಕ್ಯಾನ್ಸರಿಗೂ ಅದಕ್ಕೂ ನಂಟಿದೆ ಅಂತ ಕೆಲವರು, ಇಲ್ಲ ಅಂತ ಕೆಲವರು. ಯಾರಿಂದ ಯಾರಿಗೆ ಅನ್ನೋದಂತೂ ಯಾರಿಗೂ ಗೊತ್ತಾಗಲ್ಲ.”

ನಾಲ್ಕು ತಿಂಗಳು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಹೇಳಿಬಿಟ್ಟಳು. ಅವನು ಬಾಯಲ್ಲಿದ್ದದ್ದು ಇಳಿಯುವವರೆಗೆ ಕಾದ. ಒಂದು ಚಮಚ ಇಳಿಯುವುದಕ್ಕೆ ಆಗ ಅಷ್ಟು ಹೊತ್ತು ಹಿಡಿಯುತ್ತಿತ್ತು.

“ಮೊದಲು ನಂದೇ ನಿಂಗೆ ಬಂದಿದ್ರೆ?” ಎಂದ, ಉಸಿರಿನಷ್ಟೇ ದನಿಯಲ್ಲಿ. “ಆಗ ನಿನ್ನ ಸುಟ್ಟಿದ್ದು ನಾನು.”

ಅವಳಿಗೆ ಅದು ಹೊಳೆದೇ ಇರಲಿಲ್ಲ.

“ಇನ್ನೊಂದು ಚಮಚ ಹಾಕು,” ಎಂದ.

*

ಚಿತಾಗಾರದ ಹೊರಗೆ ಸಿಮೆಂಟಿನ ಬೆಂಚು. ಒಳಗೆ ಯಂತ್ರ ಗುಂಯ್ಗುಡುತ್ತಿತ್ತು. ಒಂದೂವರೆ ಗಂಟೆ ಆಗುತ್ತದೆ ಎಂದಿದ್ದರು. ಅವಳಿಗೆ ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಪಾಲುದಾರ ಲೋಟದಲ್ಲಿ ನೀರು ತಂದುಕೊಟ್ಟು ದೂರ ಹೋಗಿ ನಿಂತ.

“ನಮ್ಮ ಕಡೆ ಯಾರಿಗೂ ಈ ಕಾಯಿಲೆ ಇಲ್ಲ,” ಎಂದು ಅತ್ತಿಗೆ ಮತ್ತೆ ಶುರುಮಾಡಿದರು. “ಹೇಗೆ ಬಂತು ಅಂತ ಗೊತ್ತಾದ್ರೂ ಜೀವಕ್ಕೆ ಸಮಾಧಾನ.”

“ನನ್ನಿಂದ ಬಂದಿರಬಹುದು ಅತ್ತಿಗೆ.”

“ಏನಂದೆ?”

“ಒಂದು ವೈರಸ್ಸಿದೆ. ನಂಗೆ ಮುಂಚೆ ಆಗಿತ್ತಲ್ಲ, ಅದರದ್ದು. ಅದೇ ಅಂತ ಹೇಳಕ್ಕೂ ಆಗಲ್ವಂತೆ, ಅಲ್ಲ ಅನ್ನಕ್ಕೂ ಆಗಲ್ವಂತೆ.”

“ವೈರಸ್ಸಾ? ನೆಗಡಿ ತರಾನಾ?”

“ನೆಗಡಿ ತರ ಅಲ್ಲ. ಗಂಡ ಹೆಂಡತಿ ಮಧ್ಯೆ ಬರೋದು.”

ಅತ್ತಿಗೆ ಸೆರಗು ಸರಿಮಾಡಿಕೊಂಡರು. ಮುಖ ಬಿಗಿಯಿತು. ಅಂಗಳದಾಚೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಲೇ ಇದ್ದರು, ಅದು ಸ್ಟಾರ್ಟ್ ಆಗಲಿಲ್ಲ.

“ಅವನಿಗೆ ಗೊತ್ತಿತ್ತಾ?”

“ಹೇಳಿದ್ದೆ.”

“ಏನಂದ?”

“ಇನ್ನೊಂದು ಚಮಚ ಗಂಜಿ ಹಾಕು ಅಂದ್ರು.”

ಅತ್ತಿಗೆ ಅವಳ ಕಡೆ ತಿರುಗಿದರು. ಆಮೇಲೆ ಅವಳ ಕೈಯಲ್ಲಿ ಅರ್ಧ ಉಳಿದಿದ್ದ ನೀರಿನ ಲೋಟ ತೆಗೆದುಕೊಂಡರು. ಅಂಚನ್ನು ಒರೆಸಲಿಲ್ಲ, ಮೇಲೆತ್ತಿ ಹೊಯ್ದುಕೊಳ್ಳಲೂ ಇಲ್ಲ. ಅವಳು ಬಾಯಿ ಹಚ್ಚಿದ್ದಲ್ಲೇ ಬಾಯಿ ಹಚ್ಚಿ, ಉಳಿದಷ್ಟನ್ನೂ ಕುಡಿದರು.