ನೀರಿನ ಮೇಲೆ ಉಳಿದ ಚೂರು

"ಈ ಮೂಲೆ ನೋಡು," ಎಂದು ಡಾಕ್ಟರ್ ಮೇಡಂ ಮೈಕ್ರೋಸ್ಕೋಪಿನ ಮುಂದಿನಿಂದ ಎದ್ದರು. "ನಿನಗೆ ಹೇಗೆ ಹೇಳಲಿ ಅಂತಾನೇ ಗೊತ್ತಾಗ್ತಿಲ್ಲ ಕಣಮ್ಮ."

ಗಾಜಿನ ಕೆಳಗಿದ್ದದ್ದು ನನ್ನ ತಂಗಿಯ ಕುತ್ತಿಗೆಯಿಂದ ತೆಗೆದ ದುಗ್ಧರಸ ಗ್ರಂಥಿ. ಹುಣಸೆಬೀಜದಷ್ಟು ದೊಡ್ಡದು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ, ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿದವಳು ನಾನೇ. ಈ ಲ್ಯಾಬಿನಲ್ಲಿ ನನ್ನ ಕೆಲಸವೇ ಅದು.

ಗ್ರಂಥಿ ಕಂಡಾಗಲೆಲ್ಲ ನನಗೆ ಅಜ್ಜಿಯ ಕತೆಯ ಏಳು ಸುತ್ತಿನ ಕೋಟೆ ನೆನಪಾಗುತ್ತದೆ. ಹೊರಗೆ ಗೋಡೆ. ಒಳಗೆ ದುಂಡನೆಯ ಕೋಣೆಗಳು. ಮೈಯೆಲ್ಲ ಸುತ್ತಿ ಬಂದ ತಿಳಿರಸ ಕೋಟೆಯೊಳಗೆ ಹರಿಯುವಾಗ ಕಾವಲುಗಾರರು ಅದನ್ನು ಸೋಸಿ ನೋಡುತ್ತಾರೆ. ಅಪರಿಚಿತ ಸಿಕ್ಕಿಬಿದ್ದರೆ ಅವನೊಬ್ಬನಿಗೇ ನಾಟುವ ಬಾಣ ಮಾಡಲು ಕೋಣೆಗಳಲ್ಲಿ ಪಡೆ ಬೆಳೆಯುತ್ತದೆ. ಹಬ್ಬಿದ ಗಲಾಟೆಗೆ ಕೋಟೆಯೇ ಊದಿಕೊಳ್ಳುತ್ತದೆ. ಒಮ್ಮೆ ಕಂಡ ಕಳ್ಳನ ಮುಖವನ್ನು ಸಾಯುವ ತನಕ ಮರೆಯದ ಮುದುಕ ಕಾವಲುಗಾರರೂ ಅಲ್ಲಿದ್ದಾರೆ.

ಆದರೆ ಆ ಮೂಲೆಯಲ್ಲಿ ಕೋಣೆಗಳೇ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ದಪ್ಪ ದಪ್ಪ ಕಾವಲುಗಾರರು ಒಂದೇ ಮುಖ ಹೊತ್ತು ಕಿಕ್ಕಿರಿದಿದ್ದರು. ಕ್ಯಾನ್ಸರ್.

ಬಾಗಿಲಾಚೆಯ ಬೆಂಚಿನಿಂದ ತಂಗಿಯ ದನಿ ಬಂತು. "ಅಕ್ಕಾ, ಇನ್ನೂ ಎಷ್ಟೊತ್ತೇ? ಈ ಬೆಂಚಿಗೂ ನನಗೂ ನೆಂಟಸ್ತನ ಬೆಳೀತು!"

ಮೈಕ್ರೋಸ್ಕೋಪಿನ ಗುಬಟು ತಿರುಗಿಸಿದೆ. ಗ್ರಂಥಿ ಸ್ಪಷ್ಟವಾದರೆ ಮೂಲೆಯ ಆ ಕೆಟ್ಟ ಚೂರು ಮಸುಕಾಯಿತು. ಚೂರು ಸ್ಪಷ್ಟವಾದರೆ ಗ್ರಂಥಿ ಮಸುಕು. ಅದು ಗ್ರಂಥಿಗೆ ಅಂಟಿಕೊಂಡಿರಲಿಲ್ಲ, ಮೇಲೆ ಬಿದ್ದಿತ್ತು.

"ಮೇಡಂ, ಇದು ಅವಳದಲ್ಲ."

"ಎಲ್ಲರೂ ಹಾಗೇ ಅಂತಾರಮ್ಮ."

"ನಾನು ನೀರು ಒರೆಸಿಲ್ಲ ಮೇಡಂ."

ಕತ್ತರಿಸಿದ ಪದರವನ್ನು ತಟ್ಟೆಯ ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸ್ಲೈಡಿನಿಂದ ಎತ್ತಿಕೊಳ್ಳುತ್ತೇವೆ. ಒಬ್ಬರದು ಮುಗಿದು ಇನ್ನೊಬ್ಬರದಕ್ಕೆ ಕೈ ಹಾಕುವ ಮೊದಲು ನೀರಿನ ಮೇಲೆ ಕಾಗದ ಎಳೆದು ಉಳಿದ ಚೂರುಗಳನ್ನು ತೆಗೆಯಲೇಬೇಕು. ನಿನ್ನೆ ತಂಗಿಯದಕ್ಕೆ ಮೊದಲು ಕತ್ತರಿಸಿದ್ದು ಒಬ್ಬ ಮುದುಕರ ಗ್ರಂಥಿ, ಪೂರ್ತಿ ಕ್ಯಾನ್ಸರ್ ಹಿಡಿದದ್ದು. ಆಮೇಲೆ ತಂಗಿಯ ಅಚ್ಚು ಕೈಗೆ ಬಂದದ್ದೇ ತಡ, ನಾನು ಅಜ್ಜಿಯ ಕೋಟೆಯೊಳಗೆ ಹೊರಟುಹೋಗಿದ್ದೆ. ಕಾಗದ ಎಳೆದ ನೆನಪೇ ಇಲ್ಲ.

ಮೇಡಂ ಕಣ್ಣು ಕಿರಿದು ಮಾಡಿದರು. "ನಿಜ ಹೇಳ್ತಿದೀಯಾ, ತಂಗಿ ಅಂತ ಕತೆ ಕಟ್ತಿದೀಯಾ?"

"ಕತೆ ಕಟ್ಟಿಕೊಂಡು ಕೂತಿದ್ದಕ್ಕೇ ಮೇಡಂ ಈ ಗತಿ."

"ಅಚ್ಚು ತಾ. ನೀನು ಮಾತ್ರ ಮುಟ್ಟಬೇಡ."

ಎಷ್ಟೋ ವರ್ಷಗಳ ನಂತರ ಮೇಡಂ ತಾವೇ ಕತ್ತರಿಸುವ ಯಂತ್ರದ ಮುಂದೆ ಕೂತರು. ನೀರು ಬದಲಾಯಿಸಿದರು, ಅಲಗು ಬದಲಾಯಿಸಿದರು. ಮೊದಲ ಪದರ ಹರಿದುಹೋಯಿತು. ಎರಡನೆಯದು ಸುರುಳಿ ಸುತ್ತಿತು. ಹುಣಸೆಬೀಜದಷ್ಟು ಗ್ರಂಥಿಯಲ್ಲಿ ಹಾಳುಮಾಡಲು ಇನ್ನೆಷ್ಟು ಉಳಿದಿತ್ತು? ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತುಟಿ ಕಚ್ಚಿದೆ. ಮೂರನೆಯದು ನೀರಿನ ಮೇಲೆ ಸುಕ್ಕಿಲ್ಲದೆ ಹರಡಿಕೊಂಡಿತು.

ಬಣ್ಣ ಹಿಡಿಯಲು ಇನ್ನೂ ಮುಕ್ಕಾಲು ಗಂಟೆ. ಹೊರಗೆ ಬಂದರೆ ತಂಗಿ ಕೆನ್ನೆ ಹಿಡಿದು ಕೂತಿದ್ದಳು.

"ಏನೇ ಅದು?"

"ದವಡೆ ಹಲ್ಲು. ಮೂರು ತಿಂಗಳಾಯ್ತು."

"ಮೂರು ತಿಂಗಳಾ? ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿನಗೆ!"

"ಬಾಯಿ ಬಿಟ್ರೆ ಕೀಳ್ತಾರಲ್ಲ!"

ನಗು ಬಂತು, ಪೂರ್ತಿ ನಗಲು ಧೈರ್ಯವಾಗಲಿಲ್ಲ. ಒಳಗಿನಿಂದ ಮೇಡಂ ಕರೆದರು.

ಹೊಸ ಸ್ಲೈಡಿನ ಮೂಲೆ ಮೂಲೆ ಹುಡುಕಿದೆ. ಆ ಗುಂಪು ಎಲ್ಲೂ ಇರಲಿಲ್ಲ. ಕೋಣೆಗಳಷ್ಟೇ ಇದ್ದವು, ದುಂಡಗೆ, ಸುತ್ತ ತಮ್ಮ ತಮ್ಮ ಕಪ್ಪು ಅಂಚು ಹೊತ್ತು.

"ಯಾವುದೋ ಸೋಂಕಿಗೆ ಊದಿಕೊಂಡಿದೆ, ಅಷ್ಟೇ," ಎಂದರು ಮೇಡಂ. "ಆ ಹಲ್ಲು ತೋರಿಸು ಮೊದಲು. ನನಗೂ ಕಿವಿ ಇದೆ."

ಎದ್ದು ಬಾಗಿಲ ಕಡೆ ಹೊರಟೆ. ಮೇಡಂ ದನಿ ತಡೆಯಿತು.

"ನಿನ್ನೆ ಇವಳದಾದ ಮೇಲೆ ಎಷ್ಟು ಜನರದ್ದು ಕತ್ತರಿಸಿದೆ?"

"ಐದು."

"ಆಗಲಾದರೂ ಒರೆಸಿದ್ಯಾ?"

ಒರೆಸಿದ್ದೆನೇ? ಯೋಚಿಸಿದಷ್ಟೂ ಕೋಟೆಯೇ ಕಣ್ಣಿಗೆ ಬಂತು, ಕಾಗದ ಬರಲಿಲ್ಲ.

"ಗೊತ್ತಿಲ್ಲ ಮೇಡಂ."

"ಹಾಗಾದ್ರೆ ಆ ಐದೂ ಹೊಸದಾಗಿ ಕತ್ತರಿಸಬೇಕು. ತಂಗಿಗೆ ಹೇಳಿ ಬಂದು ಕೂರು. ನಾನು ಪಕ್ಕದಲ್ಲೇ ಇರ್ತೀನಿ."

ತಂಗಿಗೆ ಹೇಳಿ ಬಂದು ಕೂತೆ. ತಟ್ಟೆಯ ನೀರಿನ ಮೇಲೆ ಒಂದು ಚೂರೂ ಇರಲಿಲ್ಲ. ಆದರೂ ಮೊದಲು ಕಾಗದ ಎಳೆದೆ.