ಪ್ರಾಂಪ್ಟರ್ ಬಾಯಿ ಮುಚ್ಚಿದ ದೃಶ್ಯ

ಧಾರಾವಾಹಿಯ ಸೆಟ್ಟಿನಲ್ಲಿ ನನ್ನದು ಬಾಯಿಯ ಕೆಲಸ. ಕ್ಯಾಮೆರಾ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಒಂದೊಂದೇ ಸಾಲು ಓದಬೇಕು, ನಟರು ಅದನ್ನು ಕೇಳಿಕೊಂಡು ಹೇಳುತ್ತಾರೆ. ನನ್ನ ದನಿ ಡಬ್ಬಿಂಗ್‌ನಲ್ಲಿ ಮಾಯ. ದಿನಕ್ಕೊಂದು ಕಂತು ಹೊರಬೀಳಬೇಕಾದಾಗ ಬಾಯಿಪಾಠ ಮಾಡಲು ಯಾರಿಗೆ ಪುರುಸೊತ್ತು? ಈ ಕೆಲಸದವರಿಗೆ ಪ್ರಾಂಪ್ಟರ್ ಅನ್ನುತ್ತಾರೆ. "ನಿನಗೆ ಸಂಬಳ ಕೊಟ್ಟು ಮಾತಾಡಿಸೋರೂ ಇದ್ದಾರಲ್ಲ!" ಎಂದು ನಮ್ಮ ಯಜಮಾನರು ಸಾಯುವತನಕ ಬೆರಗಾಗುತ್ತಿದ್ದರು.

ಒಂದು ಸಲ ನಾಯಕಿಯನ್ನೇ ತೆಗೆಯುವ ಮಾತು ಬಂತು. ಜೋಡಿ ಹೊಂದುತ್ತಿಲ್ಲ, ನೋಡುವವರಿಗೆ ಏನೂ ಅನ್ನಿಸುತ್ತಿಲ್ಲ ಎಂದು ಚಾನೆಲ್‌ನವರ ಗೊಣಗಾಟ. ಶುಕ್ರವಾರದ ಅಡುಗೆಮನೆ ದೃಶ್ಯವೂ ಸಪ್ಪೆಯಾದರೆ ಸೋಮವಾರ ಹೊಸ ಹುಡುಗಿ. ನಾಯಕನನ್ನು ಯಾಕೆ ತೆಗೆಯುವುದಿಲ್ಲ ಅಂದರೆ, ಅವನ ಗಡ್ಡಕ್ಕೆ ಅಭಿಮಾನಿಗಳಿದ್ದಾರಂತೆ. ಗಡ್ಡಕ್ಕೆ!

ನಮ್ಮ ಹುಡುಗಿ ಅಳಲಿಲ್ಲ. ಊಟದ ಬಿಡುವಿನಲ್ಲಿ ನನ್ನನ್ನು ಮೇಕಪ್ ಕೋಣೆಗೆ ಎಳೆದುಕೊಂಡು ಹೋಗಿ, ಫೋನನ್ನು ಪೌಡರ್ ಡಬ್ಬಕ್ಕೆ ಒರಗಿಸಿ, ಬೇರೆ ಯಾವುದೋ ಧಾರಾವಾಹಿ ಹಾಕಿದಳು. ಜಗಳವಾಡಿಕೊಂಡ ಗಂಡ ಹೆಂಡತಿ ಬಸ್ಸಿಗೆ ಕಾಯುತ್ತಿದ್ದರು.

"ಅಜ್ಜಿ, ಇಲ್ಲಿ ನೋಡಿ. ಅವನು ಬಾಯಿ ತೆಗೆಯೋಕೆ ಮುಂಚೇನೇ ಅವಳು ಉಸಿರು ಹಿಡಿದ್ಲು."

"ಹೌದಲ್ಲೇ! ಬ್ಯಾಗ್ ಇಸ್ಕೊಳ್ಳೋಕೆ ಕೈ ಚಾಚ್ದ... ವಾಪಸ್ ತಗೊಂಡ. ಅಯ್ಯೋ, ಇಸ್ಕೊಳ್ಳೋ ಮಂಕೇ!" ಎಂದು ಫೋನಿಗೇ ಬೈದೆ.

ಆಡಿದ್ದು ಎರಡೇ ಮಾತು, ನನ್ನೆದೆ ಮಾತ್ರ ಡವಡವ. ಬಸ್ಸು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

ಆಮೇಲೆ ನಮ್ಮದೇ ಕಂತು ಹಾಕಿ ದನಿ ಬಂದ್ ಮಾಡಿದಳು. "ಈಗ ನಮ್ಮ ಮುಖ ನೋಡಿ."

ಗಡ್ಡದವನು ಪ್ರೀತಿಯ ಮಾತಾಡುತ್ತಿದ್ದ, ಕಿವಿಯೆಲ್ಲ ಪಕ್ಕಕ್ಕೆ. ಅವಳೂ ಹಾಗೇ. ಇಬ್ಬರೂ ಕೇಳಿಸಿಕೊಳ್ಳುತ್ತಿದ್ದದ್ದು ನನ್ನನ್ನು.

"ಅವನು ಪ್ರೀತಿಸ್ತಿರೋದು ನಿಮ್ಮನ್ನ, ಅಜ್ಜಿ."

"ಥೂ, ಆ ಗಡ್ಡ ನಂಗ್ಯಾಕೆ!"

"ಶುಕ್ರವಾರ ನೀವು ಓದ್ಬೇಡಿ. ಇಬ್ಬರೂ ಕಲಿತುಕೊಂಡು ಬರ್ತೀವಿ."

"ಅವನು ಕಲೀತಾನಾ?"

"ಕಲಿಯೋವರೆಗೂ ಬಿಟ್ಟರೆ ತಾನೆ!"

ಬಿಡಲೂ ಇಲ್ಲ. ಲೈಟು ಹೊಂದಿಸುವಾಗ, ಟೀ ಕುಡಿಯುವಾಗ, ಅವನ ಗಡ್ಡ ಬಾಚುವಾಗಲೂ ಬೆನ್ನು ಹತ್ತಿ ಸಾಲು ಒಪ್ಪಿಸಿಕೊಂಡಳು. ನಿರ್ದೇಶಕರನ್ನೂ ಅವಳೇ ಕೇಳಿದಳು.

"ಒಂದೇ ಟೇಕ್ ಕಣಮ್ಮ. ತಪ್ಪಿದ್ರೆ ಅಜ್ಜಿ ಓದ್ತಾರೆ," ಅಂದರು ಅವರು.

ಶುಕ್ರವಾರ ಶಾಟ್‌ಗೆ ಮುಂಚೆ ನನ್ನ ಕೈಗೊಂದು ಪೆಪ್ಪರ್‌ಮಿಂಟ್ ಇಟ್ಟಳು. "ನಿಮ್ಮ ಬಾಯಿಗೆ ಏನಾದ್ರೂ ಕೆಲಸ ಬೇಕಲ್ಲ."

ಮನೆ ಬಿಟ್ಟು ಹೊರಟ ಹೆಂಡತಿಯನ್ನು ಗಂಡ ಅಡುಗೆಮನೆಯಲ್ಲಿ ತಡೆಯಬೇಕು, ಅದು ದೃಶ್ಯ. ಅವಳು ತನ್ನ ಮಾತು ಮುಗಿಸಿ ಬಾಗಿಲ ಕಡೆ ತಿರುಗಿದಳು. ಈಗ ಅವನದು ಉದ್ದನೆಯ ಮಾತು. ಅವನು ಬಾಯಿ ತೆರೆದ. ಮರೆತಿದ್ದ.

ಅಭ್ಯಾಸಬಲ, ಕಿವಿ ನನ್ನತ್ತ ವಾಲಿತು. ಸಾಲು ನನ್ನ ನಾಲಿಗೆ ತುದಿಗೆ ಬಂದು ಕುಣಿಯಿತು. ನಿರ್ದೇಶಕರು ನನ್ನನ್ನೇ ನೋಡಿದರು. ನಾನು ಪೆಪ್ಪರ್‌ಮಿಂಟ್ ಕಚ್ಚಿ ಹಿಡಿದೆ. ಸತ್ತರೂ ಬಾಯಿ ತೆಗೆಯುವುದಿಲ್ಲ, ಹೋಗು.

ಅವಳು ಬಾಗಿಲಿಂದ ವಾಪಸ್ ಬಂದಳು. ಎರಡು ಬೆರಳಲ್ಲಿ ಅವನ ಗಡ್ಡ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಷ್ಟು ಕಂತುಗಳಲ್ಲಿ ಮೊದಲ ಸಲ ಅವನು ಅವಳನ್ನು ನೋಡಿದ. ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಹೋಗ್ಬೇಡ," ಅಂದ. ಅಷ್ಟೇ.

ಅವಳು ಗಡ್ಡ ಬಿಡಲಿಲ್ಲ. ಲೈಟಿನವನು ಏಣಿಯ ಮೇಲೆ ಬಾಯಿ ಬಿಟ್ಟುಕೊಂಡಿದ್ದ. ನಿರ್ದೇಶಕರು ಕಟ್ ಅನ್ನುವುದನ್ನೇ ಮರೆತಿದ್ದರು.

ಕೊನೆಗೆ ಅಂದರು. "ಉಳಿದ ಮಾತು ಎಲ್ಲಿ ಹೋಯ್ತೋ?"

"ಸಾರಿ ಸಾರ್, ಇನ್ನೊಂದು ಸಲ..."

"ಮುಟ್ಟಿದ್ರೆ ನೋಡು! ಹಿಂಗೇ ಚಾನೆಲ್‌ಗೆ ಕಳಿಸ್ತೀನಿ."

ಹಾಗೇ ಹೋಯಿತು. ಸೋಮವಾರ ಹೊಸ ಹುಡುಗಿ ಬರಲಿಲ್ಲ. ನಮ್ಮವಳೇ ಬಂದಳು, ನನ್ನ ಸ್ಟೂಲಿನ ಮೇಲೆ ಪೆಪ್ಪರ್‌ಮಿಂಟಿನ ಇಡೀ ಪೊಟ್ಟಣ ಇಟ್ಟು ಗಡ್ಡದವನನ್ನು ಹುಡುಕಿಕೊಂಡು ಹೋದಳು, ಸಾಲು ಒಪ್ಪಿಸಿಕೊಳ್ಳಲು.